ನೋಡುವವಳು ಯಾರ ಕಡೆಯವಳು?



ಹೆಣ್ಣು ನೋಡುವ ಶಾಸ್ತ್ರ ಅಂತ ಮಾಡುತ್ತೇವಲ್ಲ, ಅದರಲ್ಲಿ ಹುಡುಗ ಹೆಣ್ಣನ್ನು ನೋಡುವುದು ಬಹಳ ಕಡಿಮೆ. ಅವನ ಕಣ್ಣು ತಟ್ಟೆಯಲ್ಲಿರುವ ಉಪ್ಪಿಟ್ಟು ಕೇಸರಿಬಾತಿನ ಮೇಲೆ, ತಪ್ಪಿದರೆ ಗೋಡೆಯ ಕ್ಯಾಲೆಂಡರಿನ ಮೇಲೆ. ಅವನ ಅಪ್ಪ ಹುಡುಗಿಯ ಅಪ್ಪನ ಹತ್ತಿರ ಮಳೆ, ಬೆಳೆ, ಪಿಂಚಣಿ ಅಂತ ಮಾತಾಡುತ್ತಾ ಕೂತಿರುತ್ತಾರೆ. ನಿಜವಾಗಿ ನೋಡುವವರು ಜೊತೆಗೆ ಬಂದ ಹೆಂಗಸರು. ಹುಡುಗನ ತಾಯಿ, ಅಕ್ಕ, ಒಬ್ಬರು ಸೋದರತ್ತೆ. ಜೊತೆಗೆ "ಇಂಥಾದ್ದಕ್ಕೆಲ್ಲ ಅವರ ಕಣ್ಣು ಬಲು ಚುರುಕು" ಅಂತ ಹೆಸರಾದ ಪಕ್ಕದ ಮನೆಯಾಕೆ.

ಅವರು ನೋಡುವ ಕ್ರಮವನ್ನು ಹತ್ತಿರದಿಂದ ಕಂಡವರಿಗೆ ಗೊತ್ತು, ಅದೊಂದು ಪಳಗಿದ ಕಸುಬು. "ಬಾಮ್ಮ, ನಿಮ್ಮ ಹಿತ್ತಲು ತೋರಿಸು, ಕರಿಬೇವು ಚೆನ್ನಾಗಿ ಬಂದಿದೆಯಂತಲ್ಲ" ಅನ್ನುತ್ತಾರೆ ಸೋದರತ್ತೆ. ಕರಿಬೇವು ನೆಪ. ನಡುಮನೆಯ ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣ ಬಿಸಿಲಿಗೆ ಬಂದರೆ ಎಷ್ಟು ಇಳಿಯುತ್ತದೆ ಅಂತ ತಿಳಿಯಬೇಕು. ಹೊಸಿಲು ದಾಟಿ ಮೆಟ್ಟಿಲು ಇಳಿಯುವಾಗ ನಡಿಗೆ ನೆಟ್ಟಗಿದೆಯಾ ಅಂತ ಗೊತ್ತಾಗಬೇಕು. ಅಕ್ಕನಾದವಳು "ಎಷ್ಟು ಒತ್ತಾಗಿ ಕಟ್ಟಿದ್ದಾರೆ ಮಲ್ಲಿಗೆ, ಮನೇದಾ?" ಅಂತ ಜಡೆಗೆ ಕೈ ಹಾಕುತ್ತಾಳೆ. ಹೊಗಳಿಕೆ ಹೂವಿಗೆ, ಬೆರಳು ಹುಡುಕುವುದು ಚೌರಿಯನ್ನು. ತಾಯಿ ಕುಡಿಯಲು ನೀರು ಕೇಳುತ್ತಾರೆ. ಲೋಟ ಹಿಡಿದ ಕೈ ಎಷ್ಟು ನಡುಗಿತು, ಉಗುರು ಹೇಗಿದೆ, ಲೋಟದ ಅಂಚಿಗೆ ಬೆರಳು ತಾಗಿತೇ, ಇಷ್ಟೂ ಒಂದು ಗುಟುಕಿನಲ್ಲಿ ಮುಗಿಯುತ್ತದೆ. "ಹಾಡು ಬರುತ್ತಾ?" ಎಂಬ ಪ್ರಶ್ನೆಗೂ ಸಂಗೀತಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಮಾತಿನಲ್ಲಿ ತೊದಲಿದೆಯಾ, ದನಿ ಗಂಡುದನಿಯಾ ಅಂತ ಕೇಳಿಸಿಕೊಳ್ಳುವ ಉಪಾಯ ಅದು.

ಹೆಣ್ಣಿನ ಕಡೆಯ ಹೆಂಗಸರೂ ಸುಮ್ಮನಿರುವುದಿಲ್ಲ. ಬೀಗರಾಗುವವರು ಬರುವ ಮುಂಚೆಯೇ ಒಳಕೋಣೆಯಲ್ಲಿ ಚಿಕ್ಕಮ್ಮ ಅದೇ ಕಣ್ಣು ತೊಟ್ಟುಕೊಂಡು ಒಂದು ಸಲ ನೋಡಿ ಮುಗಿಸಿರುತ್ತಾಳೆ. "ಆ ಹಸಿರು ಬೇಡ, ಇನ್ನೂ ಕಪ್ಪಗೆ ಕಾಣ್ತೀಯ. ನೆರಿಗೆ ಕೆಳಗಿಳಿಸು. ನಗುವಾಗ ಬಾಯಿ ಜಾಸ್ತಿ ತೆಗೀಬೇಡ, ಆ ಹಲ್ಲು ಒಂದು." ಆ ಹಲ್ಲಿನ ವಿಚಾರ ಹುಡುಗಿಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಆಮೇಲಿಂದ ಫೋಟೋ ತೆಗೆಯುವವರು ಎಷ್ಟು ಹೇಳಿದರೂ ಅವಳು ತುಟಿ ಬಿಚ್ಚುವುದಿಲ್ಲ. ಮೊಮ್ಮಕ್ಕಳ ನಾಮಕರಣದ ಫೋಟೋದಲ್ಲೂ.

ಇಷ್ಟು ಹೇಳಿದ ಕೂಡಲೇ "ಹೆಣ್ಣಿಗೆ ಹೆಣ್ಣೇ ಶತ್ರು" ಅನ್ನುವ ಗಾದೆ ಬಂದುಬಿಡುತ್ತದೆ. ಈ ಮಾತನ್ನು ನಾನು ಹೆಚ್ಚಾಗಿ ಕೇಳಿರುವುದು ಗಂಡಸರ ಬಾಯಲ್ಲಿ, ಅದೂ ಒಂಥರಾ ನಿರಾಳದ ದನಿಯಲ್ಲಿ: ನೋಡಿ, ಇದರಲ್ಲಿ ನಮ್ಮದೇನೂ ಇಲ್ಲ ಎಂಬಂತೆ. ನನಗೆ ಈ ಗಾದೆ ಒಪ್ಪಿಗೆಯಿಲ್ಲ. ಆ ಸೋದರತ್ತೆಗೆ ಆ ಹುಡುಗಿಯ ಮೇಲೆ ದ್ವೇಷ ಎಲ್ಲಿಂದ ಬಂತು? ಅರ್ಧ ಗಂಟೆ ಹಿಂದೆ ಅವಳ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಆಕೆ ಅಲ್ಲಿಗೆ ಬಂದಿರುವುದು ಒಂದು ಮನೆಯ ಪರವಾಗಿ, ಆ ಮನೆ ಕೊಟ್ಟ ಕೆಲಸಕ್ಕಾಗಿ. ಕೆಲಸ ಅಚ್ಚುಕಟ್ಟಾಗಿ ಮಾಡದಿದ್ದರೆ ನಾಳೆ "ನೀನು ಅವತ್ತು ಏನು ನೋಡಿದೆ?" ಅಂತ ಕೇಳಿಸಿಕೊಳ್ಳಬೇಕಾದವಳೂ ಆಕೆಯೇ. ಮುಂದಿನ ವರ್ಷ ಆಕೆಯ ಮಗಳನ್ನೇ ನೋಡಲು ಯಾರಾದರೂ ಬರುತ್ತಾರೆ. ಆಗ ಅದೇ ಕಣ್ಣು ನೆಲ ನೋಡುತ್ತದೆ. ಹೆಂಗಸು ಅದೇ, ಕೂತ ಜಾಗ ಬೇರೆ.

ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ಬರ್ಜರ್ 1972ರಲ್ಲಿ ಬಿಬಿಸಿ ಟೆಲಿವಿಷನ್ನಿನಲ್ಲಿ ಯುರೋಪಿನ ಚಿತ್ರಗಳನ್ನು ಮುಂದಿಟ್ಟುಕೊಂಡು ಒಂದು ವಾದ ಹೂಡಿದ್ದ. ಹೆಣ್ಣು ತನ್ನೊಳಗೇ ಒಬ್ಬ ಕಾವಲುಗಾರನನ್ನು ಇಟ್ಟುಕೊಂಡು ಬದುಕುತ್ತಾಳೆ, ಕೂತರೆ ನಿಂತರೆ ತನ್ನನ್ನು ತಾನೇ ಕಾಯುತ್ತಾಳೆ, ಆ ಕಾವಲುಗಾರ ಗಂಡು ಎಂಬುದು ಅದರ ತಾತ್ಪರ್ಯ. ಮೆಚ್ಚಬೇಕಾದ ಮಾತೇ. ಆದರೆ ನಮ್ಮ ಮನೆಗಳಲ್ಲಿ ಆ ಕೆಲಸಕ್ಕೆ ಗಂಡಸು ಖುದ್ದಾಗಿ ಬರುವುದಿಲ್ಲ. ಅತ್ತೆಯನ್ನು ಕೂರಿಸಿರುತ್ತಾನೆ. ಅವನು ಪೇಪರು ಓದುತ್ತಿರುತ್ತಾನೆ.

ಹಾಗಂತ ಹೆಂಗಸರ ನೋಟವೆಲ್ಲ ಬರೀ ತನಿಖೆ ಅಂದುಕೊಂಡರೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರನ್ನು ನೋಡಿ. ಒಳಗೆ ಕಾಲಿಡುವ ಮುಂಚೆಯೇ ಪರಸ್ಪರ ಸೀರೆ ಓದಿ ಆಗಿರುತ್ತದೆ: ಜರಿ ಅಸಲೋ ನಕಲೋ, ಹೋದ ವರ್ಷದ್ದೇ ಸೀರೆಗೆ ಹೊಸ ರವಿಕೆಯೋ, ಮಗಳು ಕೊಡಿಸಿದ್ದೋ ಸೊಸೆಯದ್ದೋ. ಎಲ್ಲರೂ ದೇವರಿಗೆ ಕೈ ಮುಗಿಯುತ್ತಾರೆ, ಕಣ್ಣು ಪೂರ್ತಿ ಮುಚ್ಚಿರುವುದಿಲ್ಲ. ಈ ಓದಿನಲ್ಲೇ ಇನ್ನೊಂದೂ ನಡೆಯುತ್ತದೆ. ಎರಡೆಳೆ ಕರಿಮಣಿ ಇದ್ದ ಕುತ್ತಿಗೆಯಲ್ಲಿ ಈ ಸಲ ಒಂದೇ ಎಳೆ ಇದೆ. ಅದನ್ನು ಮೊದಲು ಕಂಡವಳು ಬಾಯಿಬಿಟ್ಟು ಕೇಳುವುದಿಲ್ಲ. "ಸೊರಗಿದ್ದೀಯಲ್ಲೇ" ಅನ್ನುತ್ತಾಳೆ ಅಷ್ಟೆ. ಎರಡು ದಿನ ಬಿಟ್ಟು ಮಧ್ಯಾಹ್ನ, ಮನೆಯಲ್ಲಿ ಗಂಡಸರಿಲ್ಲದ ಹೊತ್ತಿಗೆ, ಒಂದು ಡಬ್ಬಿ ಕೋಡುಬಳೆ ಹಿಡಿದುಕೊಂಡು ಬರುತ್ತಾಳೆ. ಸರ ಬ್ಯಾಂಕಿಗೆ ಹೋಗಿದೆಯೋ, ಗಂಡನ ಕುಡಿತಕ್ಕೆ ಹೋಗಿದೆಯೋ, ಮಗನ ಕಾಲೇಜಿನ ಫೀಸಿಗೆ ಹೋಗಿದೆಯೋ, ಅದು ಅಲ್ಲಿ ಹೊರಗೆ ಬರುತ್ತದೆ. ಅವಳ ಗಂಡ ದಿನಾ ಆ ಕುತ್ತಿಗೆಯನ್ನು ನೋಡುತ್ತಿದ್ದ. ಎಳೆ ಒಂದು ಕಡಿಮೆಯಾಗಿರುವುದನ್ನು ಅವನು ಕಂಡಿರುತ್ತಾನೋ ಇಲ್ಲವೋ ನನಗೆ ಅನುಮಾನ.

ಒಡವೆ ಎಣಿಸಿದ ಕಣ್ಣೂ ಅದೇ, ಸೊರಗಿದ್ದನ್ನು ಕಂಡ ಕಣ್ಣೂ ಅದೇ. ಹಬ್ಬದ ಸಂಜೆ ಅವಳು ತನ್ನ ಮನೆಯ ಪರವಾಗಿ ಬಂದಿದ್ದಳು, ನಮ್ಮದೆಷ್ಟು ನಿಮ್ಮದೆಷ್ಟು ಅಂತ ಅಳೆಯುವುದು ಅವಳ ಕೆಲಸವಾಗಿತ್ತು. ಮಧ್ಯಾಹ್ನ ಕೋಡುಬಳೆ ತಂದಾಗ ಯಾರ ಪರವಾಗಿಯೂ ಬಂದಿರಲಿಲ್ಲ.

ಈ ಅರಿಶಿನ ಕುಂಕುಮದ ಸಾಲಿನಲ್ಲಿ ಕೂರಲು ಕರೆಯೇ ಇಲ್ಲದವರೂ ಇದ್ದರಲ್ಲ, ಅವರ ಕಣ್ಣಿಗೆ ಸುಮಂಗಲಿಯರು ಹೇಗೆ ಕಂಡರು? ಕನ್ನಡದಲ್ಲಿ ಇದಕ್ಕೆ ವಿಚಿತ್ರವಾದ ಉತ್ತರವಿದೆ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬ ಬಾಲವಿಧವೆ. ಅವರು 1913ರಲ್ಲಿ ಶುರುಮಾಡಿದ ಗ್ರಂಥಮಾಲೆಯ ಹೆಸರು 'ಸತೀಹಿತೈಷಿಣೀ'. ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. 'ಸರಸ್ವತಿ' ಮಾಸಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ. ಯಾರನ್ನು ಗೃಹಿಣಿಯರ ಸಾಲಿನಿಂದ ಎಬ್ಬಿಸಿ ಒಳಗೆ ಕಳಿಸಿದ್ದರೋ, ಅವರೇ ಗೃಹಿಣಿಯರಿಗಾಗಿ ಬರೆದರು, ಅಚ್ಚು ಹಾಕಿಸಿದರು, ಅಂಚೆಗೆ ಹಾಕಿದರು. ತಿರುಮಲಾಂಬ ಅವರ 'ಸುಶೀಲೆ'ಯಂಥ ಕಾದಂಬರಿಗಳಲ್ಲಿ ಆದರ್ಶ ಸತಿಯ ಚಿತ್ರವಿದೆ. ಇವತ್ತಿನ ಓದುಗರಿಗೆ ಅದು ಮಡಿ ಅನ್ನಿಸಬಹುದು. ಹದಿನೇಳನೇ ಶತಮಾನದ ಕೊನೆಯಲ್ಲಿ, ಚಿಕ್ಕದೇವರಾಜ ಒಡೆಯರ ಕಾಲಕ್ಕೆ, ಅರಮನೆಯಲ್ಲಿ ಎಲೆಯಡಿಕೆ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಾಗಲೂ ಅದೇ: ಹೆಂಡತಿಯಾದವಳು ಹೀಗಿರಬೇಕು, ಹಾಗಿರಬೇಕು ಅನ್ನುವ ಪಾಠ. ಅದೇ ಹೊನ್ನಮ್ಮ ಅದೇ ಕಾವ್ಯದಲ್ಲಿ ಹೆಣ್ಣನ್ನು ಹೀಗಳೆಯುವವರನ್ನು ತರಾಟೆಗೆ ತೆಗೆದುಕೊಂಡೂ ಇದ್ದಾಳೆ. ಮನೆಯ ಕಡೆಯಿಂದ ಪಾಠ ಹೇಳುತ್ತಾ ಹೇಳುತ್ತಾ, ಒಂದು ಕ್ಷಣ ಈಚೆ ಬಂದು ನಿಂತಿದ್ದಾಳೆ.

ತಿರುಮಲಾಂಬ ಬರವಣಿಗೆ ನಿಲ್ಲಿಸಿ ಬಹಳ ವರ್ಷ ಕನ್ನಡದ ನೆನಪಿನಿಂದ ಮರೆಯಾಗಿದ್ದರು. ಅವರನ್ನು ಮತ್ತೆ ನಮ್ಮ ಕಣ್ಣಿಗೆ ತಂದವರೂ ಒಬ್ಬ ಹೆಂಗಸೇ, ಪ್ರಾಧ್ಯಾಪಕಿ ಚಿ.ನ. ಮಂಗಳ. ಬೆಂಗಳೂರಿನ ಜಯನಗರದ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿನಲ್ಲಿ ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆ ತಿರುಮಲಾಂಬ ಅವರ ಹೆಸರಿನಲ್ಲೇ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತಾ ಬಂತು.

ಈಗ ನನಗೆ ಬಹಳ ಬೇಕಾದ ಒಬ್ಬಾಕೆಯ ವಿಚಾರಕ್ಕೆ ಬರುತ್ತೇನೆ. ಫಣಿಯಮ್ಮ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ 1976ರಲ್ಲಿ ಬಂತು. ತೀರ್ಥಹಳ್ಳಿ ಸೀಮೆಯ ಹೆಬ್ಬಲಿಗೆಯ ದೊಡ್ಡ ಮನೆ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ, ದೊಡ್ಡವಳಾದ ಕೂಡಲೇ ತಲೆ ಬೋಳಿಸಿ ಕೆಂಪು ಸೀರೆ. ಅಲ್ಲಿಂದ ನೂರು ವರ್ಷ ದಾಟುವವರೆಗೂ ಒಪ್ಪೊತ್ತು ಊಟ, ಮಡಿ, ಒಲೆ, ಕೊಟ್ಟಿಗೆ. ಇದು ಕಟ್ಟುಕಥೆಯಲ್ಲ, ಇಂದಿರಾ ಅವರ ಬಂಧುವರ್ಗದಲ್ಲಿ ಬಾಳಿಹೋದ ಹೆಂಗಸಿನ ಕಥೆ. ಆಕೆ ತನ್ನ ಬದುಕನ್ನು ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಹತ್ತಿರ. ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು. ಆಮೇಲೆ 1983ರಲ್ಲಿ ಪ್ರೇಮಾ ಕಾರಂತ ಅದನ್ನು ಸಿನಿಮಾ ಮಾಡಿದರು, ಎಲ್.ವಿ. ಶಾರದಾ ಫಣಿಯಮ್ಮ ಆದರು. ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ತೇಜಸ್ವಿನಿ ನಿರಂಜನ. 'ತಾಯಿ ಮಗು', 'ದಾಂಪತ್ಯ ದೀಪಿಕೆ' ಬರೆದು ನಮ್ಮ ಹೆಂಗಸರಿಗೆ ಅವರವರ ಮೈಯನ್ನು ಪರಿಚಯ ಮಾಡಿಸಿದ ಡಾಕ್ಟರ್ ಅನುಪಮಾ ನಿರಂಜನ ಅವರ ಮಗಳು ಈಕೆ. ಒಬ್ಬ ಬೋಳಮ್ಮ ಹೆರಿಗೆಯ ಮನೆಯ ಕತ್ತಲೆಯಲ್ಲೋ ಒಲೆಯ ಮುಂದೋ ಮೆಲುದನಿಯಲ್ಲಿ ಹೇಳಿಕೊಂಡ ಮಾತು ಇಷ್ಟು ದೂರ ಹೋಯಿತು. ದಾರಿಯುದ್ದಕ್ಕೂ ಕೈ ಬದಲಾಯಿಸಿದವರೆಲ್ಲ ಹೆಂಗಸರು. ಹತ್ತು ಮನೆಯ ಹೆಂಗಸರು ಅವಳನ್ನು ದಿನಾ ನೋಡಿದ್ದರು. ಹೇಳು ಅಂತ ಕೂತು ಕೇಳಿದವಳು ಒಬ್ಬಳು.

ಫಣಿಯಮ್ಮನ ತಲೆ ಬೋಳಿಸಬೇಕೆಂದು ಶಾಸ್ತ್ರ ಹೇಳಿದವರು ಗಂಡಸರು, ಕತ್ತಿ ಆಡಿಸಿದವನೂ ಗಂಡಸು. ಆದರೆ ಅದು ತಿಂಗಳಿಗೊಮ್ಮೆ ನಡೆಯುವ ಕೆಲಸ. ನಡುವಿನ ಅಷ್ಟೂ ದಿನ ಆ ಬೋಳುತಲೆಯನ್ನು ಕಾದವರು ಯಾರು? ಸೆರಗು ಹಣೆಯ ಮೇಲೆ ಎಷ್ಟು ಬೆರಳು ಕೆಳಗಿರಬೇಕು, ಮದುವೆ ಮನೆಯಲ್ಲಿ ಯಾವ ಬಾಗಿಲ ಹಿಂದೆ ನಿಲ್ಲಬೇಕು, ಗಂಡಸರು ಹೊರಡುವಾಗ ಎದುರಿಗೆ ಬರದಂತೆ ಎಲ್ಲಿ ಸರಿಯಬೇಕು, ಇದೆಲ್ಲ ಹೇಳಿಕೊಟ್ಟದ್ದು ಮನೆಯ ಹೆಂಗಸರ ಕಣ್ಣು. ಬಾಯಿಂದ ಹೇಳಬೇಕಾಗಿಯೂ ಇರಲಿಲ್ಲ. ಹೀಗೆ ಬೆಳೆದವಳು ತನ್ನನ್ನು ತಾನು ನೋಡಿಕೊಳ್ಳುವುದಾದರೂ ಯಾವ ಕಣ್ಣಿನಿಂದ? ಮಡಿ ಹೆಂಗಸಿಗೆ ಕನ್ನಡಿಯೂ ನಿಷಿದ್ಧವಾಗಿದ್ದ ಕಾಲ. ಪಕ್ಕದವಳ ಮುಖದಲ್ಲಿ ಏನು ಕಂಡಿತೋ ಅಷ್ಟೇ ತಾನು.

ಈಕೆಯ ಮುಂದೆ ದಾಕ್ಷಾಯಿಣಿ ಬಂದು ನಿಲ್ಲುತ್ತಾಳೆ. ಹರೆಯದ ವಿಧವೆ. ತಲೆ ಕೊಡುವುದಿಲ್ಲ ಅನ್ನುತ್ತಾಳೆ. ಮನೆ ಹೌಹಾರುತ್ತದೆ. ಇಂಥ ಹೊತ್ತಿನಲ್ಲಿ ಎಲ್ಲರೂ ತಿರುಗಿ ನೋಡುವುದು ಫಣಿಯಮ್ಮನ ಕಡೆಗೆ, ಯಾಕೆಂದರೆ ನಿಯಮವನ್ನು ಅವಳಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ಇನ್ನೊಬ್ಬರಿಲ್ಲ. ಅವಳು ಆ ಹುಡುಗಿಯ ಪರವಾಗಿ ಮಾತಾಡುತ್ತಾಳೆ. ಇಷ್ಟವಿಲ್ಲದವಳಿಗೆ ಬಲವಂತ ಬೇಡ ಅನ್ನುವುದೇ ಅವಳ ಮಾತಿನ ಸಾರ.

ಈ ಪ್ರಸಂಗವನ್ನು ಫಣಿಯಮ್ಮನ ಒಳ್ಳೆಯತನ ಅಂತ ಓದಿ ಮುಂದೆ ಹೋಗುವವರೇ ಹೆಚ್ಚು. ನನಗೆ ಅದಕ್ಕಿಂತ ದೊಡ್ಡದು ಕಾಣುತ್ತದೆ. ಅವಳು ಬೇರೆ ತೀರ್ಪು ಕೊಡಬಹುದಿತ್ತು. "ನಾನು ಇಷ್ಟು ವರ್ಷ ಮಾಡಲಿಲ್ಲವಾ? ಇವಳದೇನು ದೊಡ್ಡಸ್ತಿಕೆ?" ಅನ್ನಬಹುದಿತ್ತು. ಲೋಕದ ಅತ್ತೆಯರು ಸೊಸೆಯರಿಗೆ ಹೇಳುತ್ತಾ ಬಂದಿರುವುದು ಅದನ್ನೇ ತಾನೇ. ತಾನು ಪಟ್ಟ ಪಾಡು ವ್ಯರ್ಥವಾಯಿತು ಅನ್ನುವುದನ್ನು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಬ್ಬಳೂ ಅದನ್ನೇ ಪಡಲಿ ಅನ್ನುವುದು ಸುಲಭ. ಫಣಿಯಮ್ಮ ಆ ಹುಡುಗಿಯ ಕೂದಲನ್ನು ನೋಡಿದಳು, ತನ್ನ ಎಳೆಹರೆಯದ ಕೂದಲನ್ನು ಕಂಡಳು ಅಂತ ನಾನು ಓದಿಕೊಳ್ಳುತ್ತೇನೆ. ಇಷ್ಟಾದರೂ ಅವಳ ಮಾತಿಗೆ ತೂಕ ಬಂದದ್ದು ಅವಳು ಮನೆಯ ನಂಬಿಕೆಗೆ ಪಾತ್ರಳಾಗಿದ್ದಳು ಅನ್ನುವ ಕಾರಣಕ್ಕೆ. ದಾಕ್ಷಾಯಿಣಿ ಒಬ್ಬಳೇ ಕೂಗಾಡಿದ್ದರೆ ಗಂಡುಬೀರಿ ಅನ್ನುತ್ತಿದ್ದರು. ಕಾಯುವ ಕೆಲಸಕ್ಕೆ ಇಟ್ಟುಕೊಂಡವಳೇ ಎದ್ದು ಆ ಕಡೆ ಹೋಗಿ ನಿಂತಾಗ ಮನೆಗೆ ಏನು ಮಾಡಬೇಕೋ ತೋಚುವುದಿಲ್ಲ.

ಎಲ್ಲ ಕಡೆ ಹೀಗಾಗುವುದಿಲ್ಲ. ತ್ರಿವೇಣಿಯವರ 'ಶರಪಂಜರ' ನೆನೆಸಿಕೊಳ್ಳಿ. ಸಿನಿಮಾ ನೋಡಿದವರಿಗೆ ಕಲ್ಪನಾ ಅವರ ಮುಖವೇ ಕಾವೇರಿ. ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆ ಸೇರಿ, ವಾಸಿಯಾಗಿ ಮನೆಗೆ ಬಂದ ಹೆಂಗಸು. ವಾಸಿಯಾಗಿದೆ ಅಂತ ಡಾಕ್ಟರು ಹೇಳಿದರು, ಸುತ್ತಲಿನ ಕಣ್ಣುಗಳು ಒಪ್ಪಲಿಲ್ಲ. ಅವಳು ನಕ್ಕರೂ ಲಕ್ಷಣ, ಅತ್ತರೂ ಲಕ್ಷಣ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ, ಹುಚ್ಚು ಮರುಕಳಿಸಲು ಮೈಯೊಳಗಿನ ಕಾರಣ ಬೇಕಿಲ್ಲ, ಹಾಗೆ ನೋಡುವವರು ಸಾಕು ಅನ್ನುವುದನ್ನು ಅರವತ್ತು ವರ್ಷದ ಹಿಂದೆಯೇ ಬರೆದಿಟ್ಟು ಹೋದರು. ಹೆರಿಗೆಯ ನಂತರದ ಖಿನ್ನತೆಯ ಬಗ್ಗೆ ಈಗ ಆಸ್ಪತ್ರೆಗಳಲ್ಲಿ ಕರಪತ್ರ ಕೊಡುತ್ತಾರೆ, ಒಳ್ಳೆಯದು. "ಅವಳಿಗೆ ಸ್ವಲ್ಪ ತಲೆ ಸರಿಯಿಲ್ಲವಂತೆ" ಅನ್ನುವ ಪಿಸುಮಾತಿಗೆ ಮಾತ್ರ ಇನ್ನೂ ಯಾರೂ ಕರಪತ್ರ ಬರೆದಿಲ್ಲ.

ಇಲ್ಲೊಂದು ಸಣ್ಣ ವಿಷಯಾಂತರ ಮಾಡುತ್ತೇನೆ. ಈಚಿನ ದಿನಗಳಲ್ಲಿ ಸೋದರತ್ತೆಯ ಕೆಲಸವನ್ನು ಬ್ಯೂಟಿಪಾರ್ಲರ್ ವಹಿಸಿಕೊಂಡಿದೆ. ಹುಬ್ಬು ತೀಡಿಸಿಕೊಳ್ಳಲು ಹೋಗಿ ಕುರ್ಚಿಗೆ ಒರಗಿದವಳ ಮುಖದ ಮೇಲೆ ಬಾಗಿ, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಆ ಹುಡುಗಿ ಕೇಳುತ್ತಾಳೆ, "ಅಪ್ಪರ್ ಲಿಪ್ ಮಾಡ್ಲಾ ಆಂಟಿ?" ಅಲ್ಲಿಯವರೆಗೆ ನಮಗೆ ಮೀಸೆ ಇರುವುದು ಗೊತ್ತಿರುವುದಿಲ್ಲ. "ಟ್ಯಾನ್ ಆಗಿದೆ" ಅನ್ನುತ್ತಾಳೆ. ಬಿಸಿಲಿನಲ್ಲಿ ಓಡಾಡಿದ್ದು ತಪ್ಪಾಯಿತು ಅಂತ ನಾವು ಒಪ್ಪಿಕೊಂಡು ದುಡ್ಡು ಕೊಡುತ್ತೇವೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುವವಳು, ಅಪ್ಪರ್ ಲಿಪ್ ಮಾಡಿದರೆ ಮಾಲೀಕರ ಲೆಕ್ಕಕ್ಕೆ ಒಂದಿಷ್ಟು ಸೇರುತ್ತದೆ. ಅವಳೂ ಒಂದು ಕಡೆಯವಳಾಗಿ ನಿಂತಿದ್ದಾಳೆ. ಎಷ್ಟೋ ಸಲ ಅದೇ ಹುಡುಗಿ ಕಿವಿಯ ಹಿಂದಿನ ಬಾಸುಂಡೆ ಕಂಡು ಮಾತಾಡದೆ ಕೈ ಮೆದು ಮಾಡಿದ್ದೂ ಉಂಟು.

ಹೆಂಗಸರು ಹೆಂಗಸರನ್ನು ನೋಡುತ್ತಾರೆ ಅಂದಾಗ ಎಲ್ಲರೂ ಒಂದೇ ಎತ್ತರದಲ್ಲಿ ಕೂತು ನೋಡುತ್ತಾರೆ ಅಂತ ಅರ್ಥವಲ್ಲ. ಜಗಲಿಯ ಮೇಲಿಂದ ಅಂಗಳ ಗುಡಿಸುವವಳನ್ನು ನೋಡುವುದು ಒಂದು, ಅಂಗಳದಿಂದ ಜಗಲಿಯನ್ನು ನೋಡುವುದು ಇನ್ನೊಂದು. ಮೇಲಿನವಳು ಕೆಳಗಿನವಳ ಕೈ ಬಾಯಿ ನೋಡುತ್ತಾಳೆ: ಕೆಲಸ ಮುಗಿಯಿತಾ, ಹಿತ್ತಲ ಕಾಯಿ ಮಡಿಲಿಗೆ ಹೋಯಿತಾ. ಕೆಳಗಿನವಳು ಮನೆ ಪೂರ್ತಿ ನೋಡುತ್ತಾಳೆ. ಪಾತ್ರೆ ತೊಳೆಯುವವಳಿಗೆ ಯಾರು ಊಟ ಬಿಟ್ಟರು ಅಂತ ತಟ್ಟೆಯಿಂದಲೇ ತಿಳಿಯುತ್ತದೆ, ಬಟ್ಟೆ ಒಗೆಯುವವಳಿಗೆ ದಿಂಬಿನ ಕವರಿನಿಂದ ಯಾರು ಅತ್ತರು ಅಂತ ತಿಳಿಯುತ್ತದೆ. ಅವಳ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆ ಅಂತ ಯಜಮಾನಿಯರು ಕೇಳಿಕೊಳ್ಳುವುದೇ ಇಲ್ಲ. ದು. ಸರಸ್ವತಿಯವರು ಒಬ್ಬರೇ ನಿಂತು ಆಡುವ 'ಸಣ್ತಿಮ್ಮಿ ರಾಮಾಯಣ' ನೋಡಿದಾಗ ನನಗೆ ಈ ಕಣ್ಣು ಎಷ್ಟು ಹರಿತ ಅಂತ ಅರಿವಾದದ್ದು. ದುಡಿಯುವ ಹೆಂಗಸು ಸಣ್ತಿಮ್ಮಿ ತನ್ನ ಆಡುಮಾತಿನಲ್ಲಿ ಅರಮನೆಯ ಹೆಂಗಸರ ಕಥೆ ಹೇಳುತ್ತಾಳೆ. ಪೂಜೆಯ ಕೋಣೆಯ ಸೀತಮ್ಮ ಅವಳ ಬಾಯಲ್ಲಿ ಕಷ್ಟಸುಖ ವಿಚಾರಿಸಬೇಕಾದ ಪಕ್ಕದ ಮನೆಯ ಹೆಂಗಸಾಗುತ್ತಾಳೆ. ಸಭಾಂಗಣದಲ್ಲಿ ಮೊದಲು ನಗು ಏಳುತ್ತದೆ, ಆಮೇಲೆ ನಗು ಎಲ್ಲಿ ನಿಂತಿತು ಅಂತ ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ಬಗೆಯ ಕಣ್ಣು ಬಾನು ಮುಷ್ತಾಕ್ ಅವರ ಕಥೆಯೊಂದರಲ್ಲಿದೆ. ಅವರ ಹೆಸರು ಈಗ ಎಲ್ಲರಿಗೂ ಗೊತ್ತು. ಹಾಸನದ ವಕೀಲೆ, ಕಥೆಗಾರ್ತಿ. ಅವರ ಹನ್ನೆರಡು ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು, 2025ರಲ್ಲಿ ಆ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಬಂದ ದಿನ ನಾವೆಲ್ಲ ಹೋಳಿಗೆ ತಿಂದಷ್ಟು ಸಂತೋಷಪಟ್ಟೆವು. ಸಂತೋಷಪಟ್ಟವರೆಲ್ಲ ಕಥೆ ಓದಿದ್ದೇವೆ ಅಂತ ಹೇಳಲಾರೆ. ಸಂಕಲನಕ್ಕೆ ಹೆಸರು ಕೊಟ್ಟ 'ಎದೆಯ ಹಣತೆ' ಕಥೆಯನ್ನಾದರೂ ಓದಿ. ಮೆಹರುನ್ ಗಂಡ ಬೇರೊಬ್ಬಳನ್ನು ಕಟ್ಟಿಕೊಂಡಿದ್ದಾನೆ. ಕೂಸು ಎತ್ತಿಕೊಂಡು ತವರಿಗೆ ಬಂದರೆ ಅಲ್ಲಿ ಮರ್ಯಾದೆಯ ಮಾತು. ಮಾನವಂತೆಯಾಗಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ, ಬೆಂಕಿ ಹಚ್ಚಿಕೊಂಡು ಸಾಯುತ್ತಿದ್ದಳು ಅನ್ನುವ ಅರ್ಥದ ಮಾತು ಒಡಹುಟ್ಟಿದವರಿಂದಲೇ ಬರುತ್ತದೆ. ವಾಪಸು ಗಂಡನ ಮನೆಗೆ ತಂದು ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ.

ಆಗ ಎದ್ದು ಬರುವವಳು ಹಿರಿಯ ಮಗಳು ಸಲ್ಮಾ. ಎಳೆಗೂಸನ್ನು ಎತ್ತಿಕೊಂಡು ಬಂದು ಅಮ್ಮನನ್ನು ತಡೆಯುತ್ತಾಳೆ, ನಮ್ಮನ್ನು ಬಿಟ್ಟು ಹೋಗಬೇಡ ಅಂತ ಅಂಗಲಾಚುತ್ತಾಳೆ. ಮೆಹರುನ್ ತನ್ನನ್ನು ಅಲ್ಲಿಯವರೆಗೆ ಕಂಡುಕೊಂಡದ್ದು ತವರಿನವರ ಕಣ್ಣಿನಲ್ಲಿ: ಮರ್ಯಾದೆ ಕಳೆದವಳು, ಹೊರೆ, ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿಕೊಂಡವಳು. ಸಲ್ಮಾಳ ಕಣ್ಣಿನಲ್ಲಿ ಅವಳು ಬೇಕಾದವಳು. ತಾಯಿ ಮಗಳ ಪ್ರೀತಿ ಅಂತ ಕಣ್ಣೀರು ಹಾಕಿ ಮುಗಿಸುವ ಕಥೆಯಲ್ಲ ಇದು. ಆ ಹುಡುಗಿ ಒಬ್ಬ ಗೆಳತಿಯ ಹಾಗೆ ತನ್ನನ್ನು ಅರ್ಥ ಮಾಡಿಕೊಂಡಳು ಅನ್ನುವುದು ತಾಯಿಗೆ ತಟ್ಟುತ್ತದೆ. ಮನೆಯ ಮಾನ ಕಾಯುವ ಕೆಲಸವನ್ನು ಆ ಹುಡುಗಿಗೆ ಇನ್ನೂ ಯಾರೂ ಒಪ್ಪಿಸಿಲ್ಲ. ಒಪ್ಪಿಸಿದ್ದರೆ ಅವಳೂ ಏನು ಹೇಳುತ್ತಿದ್ದಳೋ.

ಹಾಗಾದರೆ ಯಾರೂ ಯಾವ ಮನೆಯ ಪರವಾಗಿಯೂ ಇಲ್ಲದ ಜಾಗ ಹೆಂಗಸರಿಗೆ ಎಲ್ಲಿ ಸಿಗುತ್ತದೆ? ಹಿಂದೆ ಹೊಳೆಯ ದಡ ಇತ್ತು, ಬೀಸುವ ಕಲ್ಲಿತ್ತು. ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುವಾಗ ಅತ್ತಿಗೆ ನಾದಿನಿಯರೂ ಒಂದೇ ಪದ ಹಾಡಿದ್ದಾರೆ, ಒಬ್ಬರ ಮೇಲೊಬ್ಬರು ದೂರು ಹಾಡುತ್ತಲೇ. 2000ನೇ ಇಸವಿಯ ಈಚೆಗೆ ಸ್ತ್ರೀಶಕ್ತಿ ಸಂಘಗಳ ವಾರದ ಸಭೆ ಬಂತು. ಇತ್ತೀಚೆಗೆ ಬಂದದ್ದು ಬಸ್ಸು.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾಯಿತು. ಸೀಟಿಗಾಗಿ ಹೆಂಗಸರು ಜಡೆ ಹಿಡಿದು ಜಗಳವಾಡಿದ ವಿಡಿಯೊಗಳು ಊರೆಲ್ಲ ಹರಿದಾಡಿದವು, ಹೆಣ್ಣಿಗೆ ಹೆಣ್ಣೇ ಶತ್ರು ಅನ್ನುವವರಿಗೆ ಹಬ್ಬ. ಜಗಳ ಆಗಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಸಾಗರದ ಬಸ್ಸಿನಲ್ಲಿ ನಾನು ಕಂಡದ್ದನ್ನು ಯಾರೂ ವಿಡಿಯೊ ಮಾಡಿರಲಿಲ್ಲ. ಕಿಟಕಿಯ ಪಕ್ಕ ಒಬ್ಬ ಅಜ್ಜಿ, ಸೊಂಟದ ಚೀಲದಲ್ಲಿ ಆಧಾರ್ ಕಾರ್ಡು. ಪಕ್ಕದಲ್ಲಿ ಜೀನ್ಸ್ ತೊಟ್ಟ ಹುಡುಗಿ, ಕೂದಲು ಭುಜದವರೆಗೆ ಕತ್ತರಿಸಿದ್ದು. ಅಜ್ಜಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿತು. ನಾನು ಹಿಂದಿನ ಸೀಟಿನಲ್ಲಿ ಕೂತು, ಈಗ ಬಂತು ನೋಡು ಬುದ್ಧಿವಾದ ಅಂತ ಕಾಯುತ್ತಿದ್ದೆ.

"ಪ್ಯಾಂಟಿಗೆ ಜೇಬು ಐತೇನವ್ವಾ?" ಅಂತು ಅಜ್ಜಿ.

"ಐತೆ ಅಜ್ಜಿ."

"ದುಡ್ಡು ಇಡಕ್ಕೆ ಆಗುತ್ತಾ?"

"ಮೊಬೈಲೂ ಇಡಬಹುದು" ಅಂತ ಹುಡುಗಿ ತೋರಿಸಿದಳು. ಅಜ್ಜಿ ಜೇಬಿನ ಬಾಯಿಯನ್ನು ಎರಡು ಬೆರಳಲ್ಲಿ ಹಿಡಿದು ಹೊಲಿಗೆ ಗಟ್ಟಿಯಿದೆಯಾ ಅಂತ ಎಳೆದು ನೋಡಿತು. ಎಲ್ಲಿಗೆ ಹೊರಟಿದ್ದೀರಿ ಅಂತ ಹುಡುಗಿ ಕೇಳಿದರೆ, "ಎಲ್ಲಿಗೂ ಇಲ್ಲ. ತಂಗಿ ಮನೆ ಬಾಗಿಲು ನೋಡ್ಕಂಡು ಸಂಜೆಗೆ ಬರಾದು" ಅಂತು. ಆಮೇಲೆ ಇಬ್ಬರೂ ಅಜ್ಜಿಯ ಚೀಲದ ಬಟ್ಟೆ ಎಲ್ಲಿಯದು, ಹೊಲಿದವರು ಯಾರು ಅನ್ನುವುದಕ್ಕೆ ಹೋದರು.

ಅದೇ ಅಜ್ಜಿ ತನ್ನ ಮೊಮ್ಮಗಳಿಗೆ ಜೀನ್ಸ್ ಹಾಕಲು ಬಿಡುತ್ತಾಳೆ ಅಂತ ನಾನು ಬಾಜಿ ಕಟ್ಟುವುದಿಲ್ಲ. ಮನೆಯಲ್ಲಿ ಅವಳು ಅಜ್ಜಿ, ಬಸ್ಸಿನಲ್ಲಿ ಪ್ರಯಾಣಿಕಳು.

ಈ ಭಾಷಣದ ಕರಡನ್ನು ನಮ್ಮ ಅತ್ತಿಗೆಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ಸೋದರತ್ತೆಯ ಭಾಗದಲ್ಲಿ ತಮ್ಮನ್ನೇ ಬರೆದಿದ್ದೇನೆ ಅಂತ ಅನುಮಾನಪಟ್ಟರು, ನಾನು ಇಲ್ಲ ಅಂದೆ, ಅವರು ನಂಬಲಿಲ್ಲ. ಫಣಿಯಮ್ಮನ ಭಾಗದಲ್ಲಿ ಕಣ್ಣು ಒರೆಸಿಕೊಂಡರು. ಕೊನೆಗೆ, "ಎಲ್ಲ ಸರಿ ಕಣೇ, ಆದರೆ ರೇಡಿಯೋ ಸ್ಟೇಷನ್ನಿಗೆ ಆ ಬೂದು ಸೀರೆ ಉಟ್ಟುಕೊಂಡು ಹೋಗಬೇಡ, ಹತ್ತು ವರ್ಷ ಜಾಸ್ತಿ ಕಾಣ್ತೀಯ" ಅಂದರು.

"ಅತ್ತಿಗೆ, ರೇಡಿಯೋದಲ್ಲಿ ನನ್ನನ್ನು ಯಾರು ನೋಡ್ತಾರೆ?" ಅಂದೆ.

"ಯಾಕೆ, ಅಲ್ಲಿ ಹೆಂಗಸರು ಯಾರೂ ಕೆಲಸ ಮಾಡಲ್ವೇನೇ?" ಅಂದರು.

ಮಾವಿನಕಾಯಿ ಹಸಿರಿನ ಸೀರೆ ಉಟ್ಟುಕೊಂಡು ಬಂದಿದ್ದೇನೆ.